ಬರೋದು ಲೇಟಾಗುತ್ತೆ

ನಮ್ಮ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮನೆಗಳಲ್ಲಿ ಹೆಂಗಸರು ರಾತ್ರಿ ಒಂಬತ್ತರ ಮೇಲೆ ಹೊರಗಿರೋದಕ್ಕೆ ಒಪ್ಪಿಗೆ ಇರೋ ಕಾರಣಗಳು ಐದೇ ಐದು. ಮದುವೆ ಮನೆ, ಆಸ್ಪತ್ರೆ, ಸಾವಿನ ಮನೆ, ಊರಿಗೆ ಹೋಗೋ ರೈಲು, ದೇವರು. ಬೇಕಾದ್ರೆ ನೀವೂ ಕೂತು ಎಣಿಸಿ ನೋಡಿ. ಈ ಐದರಲ್ಲಿ ಒಂದನ್ನ ಹೇಳಿದ್ರೆ ರಾತ್ರಿ ಹನ್ನೆರಡಾದ್ರೂ ಯಾರೂ ಹುಬ್ಬೇರಿಸಲ್ಲ. "ಸುಮ್ಮನೆ ಹೋಗಿದ್ದೆ, ಖುಷಿಗೆ" ಅಂತ ಆರನೇ ಕಾರಣ ಹೇಳಿ ನೋಡಿ. ಮನೇಲಿ ಟಿವಿ ಸದ್ದು ತಾನಾಗೇ ಕಮ್ಮಿ ಆಗುತ್ತೆ.

ಗಂಡಸರಿಗೆ ಈ ಪಟ್ಟಿಯೇ ಇಲ್ಲ. ಚಪ್ಪಲಿ ಹಾಕ್ಕೊಳ್ತಾ "ಬರೋದು ಲೇಟಾಗುತ್ತೆ" ಅಂತಾರೆ. ಎರಡೇ ಪದ. ಎಲ್ಲಿಗೆ, ಯಾಕೆ, ಯಾರ ಜೊತೆ, ಒಂದೂ ಇಲ್ಲ. ಹಾಗಂತ ಅವರ ಮೇಲೆ ನನಗೇನೂ ಸಿಟ್ಟಿಲ್ಲ ಕಣ್ರೀ. ಆ ಎರಡು ಪದ ನಮಗೂ ಬೇಕು ಅಂತಷ್ಟೇ ನಾನು ಹೇಳೋದು. ಅದನ್ನ ಹೇಳೋದಕ್ಕೆ ಒಂದು ರಾಕ್ ಸಂಗೀತದ ಕ್ಲಬ್ಬನ್ನ ಉದಾಹರಣೆಗೆ ತಗೋತೀನಿ. ಯಾಕೆಂದ್ರೆ ಐವತ್ತಾರು ವರ್ಷದ, ಪಿಯುಸಿ ಓದಿದ, ಗಾಂಧಿ ಬಜಾರಿನ ಹಿಂದಿನ ಬೀದಿಯ ಗೃಹಿಣಿ ಅಲ್ಲಿಗೆ ಹೋಗೋದಕ್ಕೆ ಆ ಐದು ಕಾರಣದಲ್ಲಿ ಯಾವುದನ್ನ ಎಳೆದು ತಂದ್ರೂ ಹೊಂದಲ್ಲ.

ಮೊದಲು ಒಂದು ಮಾತು. ನಮ್ಮ ಊರಿಗೆ ರಾತ್ರಿ ಅನ್ನೋದು ಹೊಸದಲ್ಲ. ಚೈತ್ರ ಹುಣ್ಣಿಮೆ ದಿನ ತಿಗಳರ ಪೇಟೆಯ ಧರ್ಮರಾಯ ಸ್ವಾಮಿ ಗುಡಿಯಿಂದ ಕರಗ ಹೊರಡೋದೇ ನಡುರಾತ್ರಿ ಮೇಲೆ. ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ, ಪೇಟೆ ಬೀದಿ ಎಲ್ಲ ಸುತ್ತಿ, ಅದು ಗುಡಿಗೆ ಬರೋ ಹೊತ್ತಿಗೆ ಬೆಳಕು ಹರಿದಿರುತ್ತೆ. ದಾರಿಯುದ್ದಕ್ಕೂ ಮಲ್ಲಿಗೆ ಹೂ ಹಿಡಿದು ನಿಂತಿರೋರಲ್ಲಿ ಹೆಂಗಸರು ಎಷ್ಟು ಜನ! ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆಯಲ್ಲಿ ರಾತ್ರಿ ಹನ್ನೊಂದಕ್ಕೂ ಕಾಲಿಡೋಕೆ ಜಾಗ ಇರಲ್ಲ. ಶಿವರಾತ್ರಿ ಜಾಗರಣೆ ಬಿಡಿ, ವೈಕುಂಠ ಏಕಾದಶಿಗೆ ಬೆಳಗಿನ ಜಾವ ಮೂರಕ್ಕೇ ಸಾಲಲ್ಲಿ ನಿಲ್ತೀವಿ. ಆಗ ಕತ್ತಲೆ ಇರಲ್ವಾ? ನೂಕುನುಗ್ಗಲು ಇರಲ್ವಾ? ಮೈಗೆ ಮೈ ತಾಗಿಸೋ ಪೋಲಿಗಳು ಅಲ್ಲಿಗೆ ಬರಲ್ವಾ? ಬರ್ತಾರೆ, ನಮಗೆಲ್ಲ ಗೊತ್ತು, ಸೇಫ್ಟಿ ಪಿನ್ ಹಿಡ್ಕೊಂಡೇ ಹೋಗ್ತೀವಿ. ಆದ್ರೂ ಮನೇಲಿ ಯಾರೂ ಬೇಡ ಅನ್ನಲ್ಲ, ಯಾಕೆಂದ್ರೆ ದೇವರ ಹೆಸರಿದೆ. ಅಂದ್ಮೇಲೆ ಕತ್ತಲೆಗೆ ಹೆದರಿ ನಮ್ಮನ್ನ ಒಳಗಿಟ್ಟಿದ್ದಾರೆ ಅನ್ನೋ ಮಾತನ್ನ ನಾನು ಪೂರ್ತಿ ನಂಬಲ್ಲ. ಹೆಂಗಸು ಕಾರಣವಿಲ್ಲದೆ ಖುಷಿಪಡೋದು ಅಂದ್ರೆ ಮನೆಗಳಿಗೆ ಒಂಥರಾ ಇರುಸುಮುರುಸು.

ಸಂಗೀತಕ್ಕೆ ಹೋಗೋದು ನಮಗೆ ಹೊಸದೇನಲ್ಲ. ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿಯವರ ರಾಮನವಮಿ ಕಛೇರಿಗಳು 1939ರಿಂದ ನಡೀತಿವೆ. ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲಲ್ಲಿ ಕೂತು ಕೇಳಿದ ತೋಡಿ, ಕಾಂಭೋಜಿಗಳ ಲೆಕ್ಕ ಇಟ್ಟಿಲ್ಲ. ಅದಕ್ಕೂ ಅಪ್ಪಣೆ ಸಿಕ್ಕಿದ್ದು ಪೆಂಡಾಲಿನ ಹೆಸರಲ್ಲಿ ರಾಮ ಇದ್ದಾನೆ ಅಂತಾನೇ. ಕೃಷ್ಣರಾಜೇಂದ್ರ ರಸ್ತೆಯ ಗಾಯನ ಸಮಾಜಕ್ಕೆ ಹೋಗ್ತೀನಿ ಅಂದ್ರೂ ಪರವಾಗಿಲ್ಲ, "ನಮ್ಮ ಸಂಸ್ಕೃತಿ" ಅಂತ ಒಂದು ಚೀಟಿ ಅಂಟಿಸ್ಕೋಬಹುದು. ಹೀಗೆ ಯಾವ ಚೀಟಿಯೂ ಅಂಟದ ಸಂಗೀತ ರಾಕ್.

ರಾಕ್ ಅಂದ್ರೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಕರೆಂಟಿಗೆ ಸಿಗಿಸಿದ ಗಿಟಾರು, ಗುಂಯ್ ಅನ್ನೋ ದಪ್ಪ ತಂತಿಯ ಬೇಸ್ ಗಿಟಾರು, ಡ್ರಮ್ಮು, ಒಬ್ಬ ಹಾಡೋನು, ಇಷ್ಟು ಇದ್ರೆ ಒಂದು ಬ್ಯಾಂಡು. 1950ರ ದಶಕದಲ್ಲಿ ಅಮೆರಿಕದ ಕರಿಯ ಜನರ ಬ್ಲೂಸ್ ಹಾಡುಗಳಿಂದ ಹುಟ್ಟಿ, ಇಂಗ್ಲೆಂಡಿಗೆ ಹೋಗಿ, ಆಮೇಲೆ ಜಗತ್ತೆಲ್ಲ ಹಬ್ಬಿದ್ದು. ಬೆಂಗಳೂರಿಗೆ ಅದು ಸುಲಭವಾಗಿ ಬಂತು, ಯಾಕೆಂದ್ರೆ ಇಲ್ಲಿ ದಂಡು ಇತ್ತಲ್ಲ. ಈ ಕಡೆ ಪೇಟೆ, ಆ ಕಡೆ ದಂಡು, ನಡುವೆ ಕಬ್ಬನ್ ಪಾರ್ಕು. ನಮ್ಮ ಕಡೆ ಪಿಟೀಲು ಮೃದಂಗ ಇದ್ದ ಹಾಗೆ ಅವರ ಕಡೆ ಪಿಯಾನೋ, ಗಿಟಾರು. ದೊಡ್ಡ ಬ್ಯಾಂಡುಗಳು ಭಾರತಕ್ಕೆ ಬಂದಾಗ ಬೆಂಗಳೂರು ಬಿಡ್ತಿರ್ಲಿಲ್ಲ. 2003ರ ಏಪ್ರಿಲ್ 4ಕ್ಕೆ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ.

ಈ ರೋಲಿಂಗ್ ಸ್ಟೋನ್ಸ್ ವಿಷಯ ಸ್ವಲ್ಪ ಕೇಳಿ. ನನ್ನ ನಾದಿನಿ ಮಲ್ಲೇಶ್ವರದಲ್ಲಿ ಕಾಲೇಜು ಓದುವಾಗ ಅವರ ಕ್ಯಾಸೆಟ್ ಇಟ್ಟಿದ್ದಳು. ಅದು ಅವಳದ್ದೇ, ಪಾಕೆಟ್ ಮನಿ ಕೂಡಿಟ್ಟು ತಂದಿದ್ದು. ಅವಳಣ್ಣ, ಅಂದ್ರೆ ನಮ್ಮನೆಯವರು, ಅದನ್ನ ಕೇಳಿ ಕೇಳಿಯೇ ರಾಕ್ ಕಲಿತದ್ದು. 2003ರಲ್ಲಿ ಅರಮನೆ ಮೈದಾನಕ್ಕೆ ಹೋದದ್ದು ಯಾರು? ನಮ್ಮನೆಯವರು, ಆಫೀಸಿನ ನಾಲ್ಕು ಜನ ಸ್ನೇಹಿತರ ಜೊತೆ. ಕ್ಯಾಸೆಟ್ಟಿನ ಒಡತಿ ಮಲ್ಲೇಶ್ವರದ ಗಂಡನ ಮನೇಲಿ ಮಗೂಗೆ ಜ್ವರ ನೋಡ್ತಾ ಇದ್ದಳು. ಯಾರೂ ಅವಳನ್ನ ತಡೀಲಿಲ್ಲ. "ಬರ್ತೀಯಾ?" ಅಂತ ಕೇಳಬೇಕು ಅಂತ ಯಾರಿಗೂ ಹೊಳೀಲೇ ಇಲ್ಲ, ಅಷ್ಟೇ. ಜ್ವರ ಇಲ್ಲದಿದ್ರೂ ಹೊಳೀತಿರ್ಲಿಲ್ಲ ಬಿಡಿ. ನನ್ನ ಪ್ರಕಾರ ತಡೆಯೋದಕ್ಕಿಂತ ಇದು ಜಾಸ್ತಿ. ತಡೆದ್ರೆ ಜಗಳವಾದ್ರೂ ಆಡಬಹುದು.

ಅದೇ ನಾದಿನಿ ಹೋದ ವರ್ಷ ಬ್ಯಾಂಕಿನ ಕೆಲಸಕ್ಕೆ ವಿಆರ್‌ಎಸ್ ತಗೊಂಡಳು. ಬ್ಯಾಂಕಿನಲ್ಲಿ ಬೀಳ್ಕೊಡುಗೆ ಮಾಡಿ ಹಾರ, ಶಾಲು, ಗಡಿಯಾರ ಕೊಟ್ರು. ಮನೇಲಿ ಸತ್ಯನಾರಾಯಣ ಪೂಜೆ ಮಾಡ್ಸೋಣ ಅಂದ್ರು. "ಪೂಜೆ ಮಾಡ್ಸಿ, ಬೇಡ ಅನ್ನಲ್ಲ. ಆದ್ರೆ ಅತ್ತಿಗೆ, ನಾನು ಒಂದು ರಾತ್ರಿ ಜೋರಾಗಿ ಹಾಡು ಕೇಳಬೇಕು, ಎದುರಿಗೆ ಕೂತು" ಅಂದಳು. ಹಾಗೆ ನಾವು ನಾಲ್ಕು ಜನ ಹೊರಟ್ವಿ. ನಾದಿನಿ, ನಾನು, ಚಾಮರಾಜಪೇಟೆಯ ನನ್ನ ತಂಗಿ, ಮಹಡಿ ಮೇಲಿನ ಬಾಡಿಗೆ ಮನೆ ಟೀಚರು. ಎಲ್ಲರದ್ದೂ ಐವತ್ತು ದಾಟಿದ ಮಂಡಿ.

ಹೊರಡೋ ಮುಂಚೆ ನಾನು ಎಷ್ಟು ಜನಕ್ಕೆ ಲೆಕ್ಕ ಒಪ್ಪಿಸಬೇಕಾಯ್ತು ಹೇಳಲಾ? ನಮ್ಮನೆಯವರಿಗೆ, ನಮ್ಮತ್ತೆಗೆ, ಪುಣೆಯಲ್ಲಿರೋ ಮಗನಿಗೆ, ಅವನ ಹೆಂಡತಿಗೆ, ರಾತ್ರಿ ಫೋನ್ ಮಾಡೋ ದೊಡ್ಡಮ್ಮನಿಗೆ, ಎದುರು ಮನೆಯವರಿಗೆ. ಆರು ಜನ. ಆರರಲ್ಲಿ "ಅಲ್ಲಿ ಸುರಕ್ಷಿತವಾ?" ಅಂತ ಕೇಳಿದ್ದು ಒಬ್ಬಳೇ, ಸೊಸೆ. ಉಳಿದವರು ಬೇರೆ ಬೇರೆ ಮಾತಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ರಾತ್ರಿ ಊಟಕ್ಕೆ?"

ಇದನ್ನ ಓದೋ ಎಲ್ಲ ಹೆಂಗಸರಿಗೂ ಈ ಪ್ರಶ್ನೆ ಗೊತ್ತು. ನಮ್ಮ ರಾತ್ರಿಗೆ ಬೀಗ ಹಾಕಿರೋದು ಪೊಲೀಸರೂ ಅಲ್ಲ, ಪೋಲಿಗಳೂ ಅಲ್ಲ, ಮೊದಲ ಬೀಗ ಅಡಿಗೆಮನೇದು. ಎಂಟೂವರೆಗೆ ಊಟ, ಒಂಬತ್ತಕ್ಕೆ ಅತ್ತೆ ಮಾತ್ರೆ, ಒಂಬತ್ತೂವರೆಗೆ ಹಾಲು ಹೆಪ್ಪು ಹಾಕೋದು, ಹತ್ತಕ್ಕೆ ಕಟ್ಟೆ ಒರೆಸಿ ಸಿಲಿಂಡರ್ ಆಫ್ ಮಾಡೋದು. ಇಷ್ಟರ ನಡುವೆ ರಾತ್ರಿ ಎಲ್ಲಿ ಬಂತು? ಮಧ್ಯಾಹ್ನವೇ ಹುಳಿ ಮಾಡಿ, ಅನ್ನ ಹಾಟ್‌ಬಾಕ್ಸಿಗೆ ಹಾಕಿ, ಮಾತ್ರೆ ಬಟ್ಟಲಲ್ಲಿ ತೆಗೆದಿಟ್ಟು ಹೊರಡೋದನ್ನ ನಾವು ಜಾಣತನ ಅಂದ್ಕೊಂಡಿದ್ದೀವಿ. ಅದು ಜಾಣತನ ಅಲ್ಲ, ರಜಾ ಹಾಕಿದ ದಿನದ ಕೆಲಸವನ್ನೂ ಮುಂಗಡವಾಗಿ ಮಾಡಿ ಕೊಡೋದು. ಅದಕ್ಕೇ ಆವತ್ತು ಹಠ ಮಾಡಿ ನಾನು ಅಡಿಗೆ ಮಾಡಲಿಲ್ಲ. ನಮ್ಮನೆಯವರು ಅನ್ನಕ್ಕಿಟ್ಟು, ಬೆಳಗಿನ ಸಾರು ಬಿಸಿ ಮಾಡಿ, ಹಪ್ಪಳ ಸುಟ್ಟು ಅಮ್ಮ ಮಗ ಊಟ ಮಾಡಿದ್ರು. ಯಾರೂ ಉಪವಾಸ ಬೀಳಲಿಲ್ಲ. ಎಂಬತ್ಮೂರು ವರ್ಷದ ನಮ್ಮತ್ತೆ ನನ್ನನ್ನ ಕೇಳಿದ್ದು ಒಂದೇ: "ಅಲ್ಲಿ ಕೂತ್ಕೊಳ್ಳೋಕೆ ಒರಗೋ ಕುರ್ಚಿ ಇದೆಯೇನಮ್ಮ, ಇಲ್ಲ ನಿಂತೇ ಇರ್ಬೇಕಾ?" ಈ ವಿಷಯದಲ್ಲಿ ನಾನು ಕೇಳಿದ ಅತ್ಯಂತ ಬುದ್ಧಿವಂತಿಕೆಯ ಪ್ರಶ್ನೆ ಇದೇ.

ಕುರ್ಚಿ ಇತ್ತು. ನಾವು ಹೋದದ್ದು ಸೇಂಟ್ ಮಾರ್ಕ್ಸ್ ರಸ್ತೆಯ ಹಾರ್ಡ್ ರಾಕ್ ಕೆಫೆಗೆ. 2008ರಲ್ಲಿ ಶುರುವಾದದ್ದು, ಹಳೇ ಕಾಲದ ಕಲ್ಲು ಕಟ್ಟಡ. ಹೆಸರಿಗೆ ಕೆಫೆ, ಕತ್ತಲಾದ ಮೇಲೆ ಬಾರು, ಬ್ಯಾಂಡು, ಕುಣಿತ ಎಲ್ಲ. ಆವತ್ತು ಗುರುವಾರ. ಬೆಳಿಗ್ಗೆ ರಾಯರ ಮಠಕ್ಕೆ ಹೋಗಿ ಬಂದು, ಸಂಜೆ ಅದೇ ರೇಷ್ಮೆ ಅಂಚಿನ ಕಾಟನ್ ಸೀರೆಯಲ್ಲಿ ರಾಕ್ ಕೇಳೋಕೆ ಹೋದೆ. ರಾಯರು ಬೇಜಾರು ಮಾಡ್ಕೊಂಡ ಲಕ್ಷಣ ಏನೂ ಕಾಣಲಿಲ್ಲ.

ಒಳಗೆ ಗೋಡೆ ಪೂರ್ತಿ ಗಿಟಾರು, ಗಾಯಕರು ಹಾಕ್ಕೊಂಡಿದ್ದ ಬಟ್ಟೆ, ಫೋಟೋ, ಎಲ್ಲಕ್ಕೂ ಗಾಜಿನ ಚೌಕಟ್ಟು. ನಮ್ಮ ಭಜನೆ ಮನೆ ಗೋಡೇಲಿ ದಾಸರ ಪಟ ಇರೋ ಹಾಗೆ. ಇದಕ್ಕೊಂದು ಕಥೆ ಇದೆ. ಈ ಕೆಫೆ ಮೊದಲು ಶುರುವಾದದ್ದು 1971ರಲ್ಲಿ, ಲಂಡನ್ನಿನಲ್ಲಿ. ಐಸಾಕ್ ಟಿಗ್ರೆಟ್, ಪೀಟರ್ ಮಾರ್ಟನ್ ಅಂತ ಇಬ್ಬರು ಅಮೆರಿಕದ ಹುಡುಗರು ಮಾಡಿದ್ದು. ಎರಿಕ್ ಕ್ಲಾಪ್ಟನ್ ಅನ್ನೋ ಗಿಟಾರ್ ವಾದಕ ತಾನು ದಿನಾ ಕೂರೋ ಜಾಗದ ಗುರುತಿಗೆ ಅಂತ ಒಂದು ಗಿಟಾರ್ ಕೊಟ್ನಂತೆ, ಗೋಡೆಗೆ ಹಾಕಿದ್ರು. ಅದನ್ನ ನೋಡಿ ಪೀಟ್ ಟೌನ್ಶೆಂಡ್ ಅನ್ನೋ ಇನ್ನೊಬ್ಬ, ನಂದೇನು ಕಮ್ಮಿನಾ ಅಂತ ತನ್ನ ಗಿಟಾರೂ ಕಳಿಸಿದ್ನಂತೆ. ಮದುವೆ ಮನೇಲಿ ಮುಂದಿನ ಸಾಲಿನ ಕುರ್ಚಿ ಮೇಲೆ ಕರ್ಚೀಫ್ ಹಾಕೋರ ಜಾತಿಯೇ ಇವರೂ ಅಂತ ನಗು ಬಂತು.

ಗೋಡೆ ಮೇಲೆ ಅವರ ಧ್ಯೇಯವಾಕ್ಯ ಇರುತ್ತೆ, ಎಲ್ಲರನ್ನೂ ಪ್ರೀತಿಸಿ, ಎಲ್ಲರ ಸೇವೆ ಮಾಡಿ ಅನ್ನೋ ಅರ್ಥದ್ದು. ಇದನ್ನ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸ್ತಾ? ವೈಟ್‌ಫೀಲ್ಡ್ ಕಡೆ ಹೋದವರು ನೋಡೇ ಇರ್ತೀರಿ. ಅದು ಪುಟ್ಟಪರ್ತಿ ಸತ್ಯ ಸಾಯಿಬಾಬಾ ಅವರ ಮಾತು. ಆ ಟಿಗ್ರೆಟ್ ಬಾಬಾ ಭಕ್ತ. ಕೆಫೆಯ ತನ್ನ ಪಾಲು ಮಾರಿದ ಮೇಲೆ, 1991ರಲ್ಲಿ ಶುರುವಾದ ಪುಟ್ಟಪರ್ತಿಯ ದೊಡ್ಡ ಆಸ್ಪತ್ರೆಗೆ ದೊಡ್ಡ ಮೊತ್ತದ ದಾನ ಕೊಟ್ಟವನೂ ಅವನೇ. ಅಲ್ಲಿ ಹೃದಯದ ಆಪರೇಷನ್ ಆದ ಬಡವರಿಂದ ಒಂದು ರೂಪಾಯಿ ತಗೊಳ್ಳಲ್ಲ. ಅಂದ್ರೆ ನಮ್ಮ ಬೆಂಗಳೂರಿಂದ ನಾಲ್ಕು ಗಂಟೆ ದಾರಿಯ ಊರಿನ ಮಾತು ಜಗತ್ತಿನ ಬಾರುಗಳ ಗೋಡೆ ಮೇಲೆಲ್ಲ ಕೂತಿದೆ. ಬಾಬಾ ಅವರನ್ನ ನಂಬೋದು ಬಿಡೋದು ಅವರವರಿಗೆ ಬಿಟ್ಟದ್ದು. "ದೇವರ ಕಡೆ" ಮತ್ತು "ಆ ಕಡೆ" ಅಂತ ನಾವು ಎಳೆದಿರೋ ಗೆರೆ ಇದೆಯಲ್ಲ, ಅದು ನಾವಂದುಕೊಂಡಷ್ಟು ದಪ್ಪ ಇಲ್ಲ ಅನ್ನೋದಕ್ಕೆ ಈ ಕಥೆ ಹೇಳಿದೆ.

ಇನ್ನು ಸಂಗೀತ. ಎಂಟೂಮುಕ್ಕಾಲಿಗೆ ಬ್ಯಾಂಡು ಶುರುವಾಯ್ತು, ಐದು ಹುಡುಗರು. ಮೊದಲ ಹತ್ತು ನಿಮಿಷ ನನ್ನ ಎದೆಯೊಳಗೇ ಯಾರೋ ಒನಕೆ ಕುಟ್ಟಿದ ಹಾಗಾಯ್ತು. ಟೀಚರು ಪರ್ಸಿಂದ ಹತ್ತಿ ತೆಗೆದು ನಾಲ್ಕು ಜನಕ್ಕೂ ಹಂಚಿದ್ರು, ಪ್ರಸಾದದ ಹಾಗೆ. ಹತ್ತಿ ಇಟ್ಕೊಂಡ ಮೇಲೆ ಹಾಡು ಬಿಡಿಸಿ ಕೇಳಿಸ್ತು. ಗಿಟಾರಿನವನು ಒಂದು ಸಣ್ಣ ತುಣುಕು ಹಿಡಿದು ಅದನ್ನೇ ಮೇಲೆ ಕೆಳಗೆ, ಹಿಂದೆ ಮುಂದೆ ಮಾಡಿ ಬೆಳೆಸ್ತಾನೆ. ನಮ್ಮಲ್ಲಿ ನೆರವಲ್ ಮಾಡ್ತಾರಲ್ಲ, ಅದೇ ಬುದ್ಧಿ. ಡ್ರಮ್ಮಿನವನಿಗೆ ಒಬ್ಬನಿಗೇ ಬಿಟ್ಟಾಗ ಅರ್ಧ ಜನ ಎದ್ದು ಹೊರಗೆ ಹೋದ್ರು. ತನಿ ಆವರ್ತನ ಬಂದ ಕೂಡಲೆ ಪೆಂಡಾಲಿನವರು ಬೋಂಡಾ ಕಾಫಿಗೆ ಏಳ್ತಾರಲ್ಲ ಹಾಗೇ. ಲೋಕದಲ್ಲಿ ಎಲ್ಲಾ ಕಡೆ ತಾಳದವನ ಹಣೆಬರಹ ಒಂದೇ. ನಾವು ನಾಲ್ಕೂ ಜನ ಕೂತೇ ಕೇಳಿದ್ವಿ, ತಂಗಿ ತೊಡೆ ಮೇಲೆ ಆದಿತಾಳ ಹಾಕ್ತಾ ಇದ್ದಳು, ಸರಿಯಾಗಿ ಕೂತಿತ್ತು.

ರಾಕ್ ನಮ್ಮದಲ್ಲ ಅನ್ನೋರಿಗೆ ಒಂದು ಮಾತು. ಶಿಶುನಾಳ ಷರೀಫರು ಹುಟ್ಟಿದ್ದು 1819ರಲ್ಲಿ. ಅವರ ತತ್ವಪದಗಳನ್ನ ಗಿಟಾರ್ ಡ್ರಮ್ಮುಗಳ ಜೊತೆ ಹಾಡಿ ಕಾಲೇಜು ಹುಡುಗರ ಬಾಯಲ್ಲಿ ಕೂರಿಸಿದ್ದು ಮೈಸೂರಿನ ರಘು ದೀಕ್ಷಿತ್. ಪಿಟೀಲು ಕೂಡ ಯುರೋಪಿನಿಂದ ಬಂದದ್ದೇ. ಇವತ್ತು ಪಿಟೀಲಿಲ್ಲದ ರಾಮನವಮಿ ಕಛೇರಿ ಯಾರಾದ್ರೂ ನೋಡಿದ್ದೀರಾ?

ನಾದಿನಿ ಒಂದು ಚೀಟೀಲಿ ರೋಲಿಂಗ್ ಸ್ಟೋನ್ಸ್ ಅವರ ಒಂದು ಹಾಡು ಬರೆದು ಕಳಿಸಿದಳು. ಹಾಡಿದ್ರು. ಅವಳು ಎದ್ದು ನಿಂತು, ಕಣ್ಮುಚ್ಚಿ, ಪೂರ್ತಿ ಹಾಡು ಬಾಯಿಪಾಠ ಹೇಳಿದಳು. ಅವಳಿಗೆ ಇಷ್ಟೊಂದು ಬರುತ್ತೆ ಅಂತ ಅವಳ ಜೊತೆ ಮೂವತ್ತು ವರ್ಷದಿಂದ ಹಬ್ಬ, ಶ್ರಾದ್ಧ, ಬಾಣಂತನ ಎಲ್ಲ ಮಾಡಿದ ನನಗೆ ಗೊತ್ತಾಗೋ ಸಂದರ್ಭವೇ ಬಂದಿರ್ಲಿಲ್ಲ. ನಮ್ಮ ನಮ್ಮ ಮನೆ ಹೆಂಗಸರೊಳಗೆ ಇನ್ನೂ ಏನೇನಿದೆಯೋ! ಐದು ಕಾರಣಕ್ಕೆ ಮಾತ್ರ ಹೊರಗೆ ಬರೋರು ಆ ಐದು ಜಾಗಕ್ಕೆ ಬೇಕಾದ ಮುಖವನ್ನಷ್ಟೇ ತೋರಿಸ್ತಾರೆ.

ಈಗ ಆಕ್ಷೇಪಣೆಗಳಿಗೆ ಬರೋಣ. ನನಗೂ ಬಂದಿವೆ, ನೀವೂ ಬರೀತೀರಿ ಅಂತ ಗೊತ್ತು.

ಮೊದಲನೇದು ಕುಡಿತ. ನಾವು ನಾಲ್ಕು ಜನ ಕುಡಿದದ್ದು ನಿಂಬೆ, ಪುದೀನ, ಸೋಡಾ. ತಿಂದದ್ದು ಆಲೂಗಡ್ಡೆ ಫ್ರೈ, ತರಕಾರಿ ಬರ್ಗರ್. ಬಿಲ್ಲಿನ ದುಡ್ಡಲ್ಲಿ ವಿದ್ಯಾರ್ಥಿ ಭವನದಲ್ಲಿ ಇಡೀ ವಠಾರಕ್ಕೆ ಮಸಾಲೆ ದೋಸೆ ಕೊಡಿಸಬಹುದಿತ್ತು, ನಿಜ. ಆದ್ರೆ ರೇಟು ಮೆನುವಿನಲ್ಲೇ ಬರೆದಿತ್ತು, ಓದ್ಕೊಂಡೇ ಹೇಳಿದ್ವಿ. ಸುತ್ತ ಕುಡಿಯೋರಿದ್ರು, ಹೆಂಗಸರೂ ಇದ್ರು. ಕುಡಿತದಿಂದ ಹಾಳಾದ ಮನೆ ನಮ್ಮ ಬೀದಿಯಲ್ಲೇ ಎರಡಿವೆ, ಆ ನೋವನ್ನ ನಾನು ಹಗುರ ಮಾಡಲ್ಲ. ಆ ಎರಡೂ ಮನೆ ಹಾಳಾದದ್ದು ಮೂಲೆ ವೈನ್ ಶಾಪಿಂದ. ಅಲ್ಲಿ ಹಾಡೂ ಇಲ್ಲ, ಕುರ್ಚಿಯೂ ಇಲ್ಲ, ಬೆಳಕೂ ಇಲ್ಲ, ಹೆಂಗಸರಂತೂ ಇಲ್ವೇ ಇಲ್ಲ. ಗಂಡಸರು ನಿಂತು ಕುಡಿಯೋ ಜಾಗದ ಬಗ್ಗೆ ಮಾತಾಡದೆ, ಹೆಂಗಸರು ಕೂತು ಹಾಡು ಕೇಳೋ ಜಾಗವನ್ನ ಮಾತ್ರ ಸಂಸ್ಕೃತಿಗೆ ಅಪಾಯ ಅನ್ನೋದು ನ್ಯಾಯ ಅಲ್ಲ.

ಎರಡನೇದು "ಕಾಲ ಕೆಟ್ಟಿದೆ" ಅನ್ನೋದು. ಹೌದು. 2009ರ ಜನವರಿ 24ರಂದು ಮಂಗಳೂರಿನ ಒಂದು ಪಬ್ಬಿಗೆ ನುಗ್ಗಿ ಹುಡುಗೀರನ್ನ ಅಟ್ಟಾಡಿಸಿ ಹೊಡೆದದ್ದನ್ನ ನಾವೆಲ್ಲ ಟಿವೀಲಿ ನೋಡಿದ್ದೀವಿ. ಇಡೀ ದೇಶ ನೋಡ್ತು. ಆದ್ರೂ 2018ರಲ್ಲಿ ಸಾಕ್ಷಿ ಸಾಲದು ಅಂತ ಆರೋಪಿಗಳು ಖುಲಾಸೆಯಾದ್ರು. ಆ ಹುಡುಗೀರು ಸಾಕ್ಷಿ ಹೇಳೋಕೆ ಬರಲಿಲ್ಲ ಅಂದ್ರೆ ನನಗೆ ಆಶ್ಚರ್ಯ ಇಲ್ಲ. ನಮ್ಮಂಥ ಮನೆಯ ಮಗಳಾಗಿದ್ರೆ ನಾವೇನು ಅಂತಿದ್ವಿ? "ಮೊದಲು ನೀನು ಅಲ್ಲಿಗೆ ಯಾಕೆ ಹೋದೆ?" ಹೊಡೆದವನನ್ನ ಕೇಳೋ ಮುಂಚೆ ಹೊಡೆಸಿಕೊಂಡವಳಿಂದ ಕಾರಣ ಕೇಳೋ ಮನೆ ನಮ್ಮದು. ಆ ಐದು ಕಾರಣಗಳ ಪಟ್ಟಿ ಎಷ್ಟು ದೂರ ಹೋಗುತ್ತೆ ನೋಡಿ, ಕೋರ್ಟಿನ ಕಟಕಟೆವರೆಗೂ ಹೋಗುತ್ತೆ. ಅದಕ್ಕೇ ನಾನು ಇದನ್ನ ತಮಾಷೆಗೆ ಬರೀತಿಲ್ಲ. ಐವತ್ತು ದಾಟಿದ, ಸೀರೆ ಉಟ್ಟ, ಹಣೆಗೆ ಕುಂಕುಮ ಇಟ್ಟ ನಾವು ಆ ಜಾಗಗಳಲ್ಲಿ ಹೋಗಿ ಕೂತ್ರೆ, ಪಕ್ಕದ ಟೇಬಲ್ಲಿನ ಇಪ್ಪತ್ತೈದರ ಹುಡುಗಿಗೆ "ಅಂಥವಳು" ಅನ್ನೋದು ಸ್ವಲ್ಪ ಕಷ್ಟ ಆಗುತ್ತೆ. ನಮಗೆ ಸಿಗೋ ಖುಷಿಯ ಜೊತೆ ಇದೊಂದು ಉಪಕಾರವೂ ಆಗುತ್ತೆ.

ಮೂರನೇದು ಗಲಾಟೆ. ಇದರಲ್ಲಿ ನಾನು ಪಬ್ಬಿನವರ ಪರ ಅಲ್ಲ. ಇಂದಿರಾನಗರದಲ್ಲಿ ಮನೆಗಳ ನಡುವೆ ಪಬ್ಬು ತೆಗೆದು ರಾತ್ರಿಯೆಲ್ಲ ಗೋಡೆ ಅದುರಿಸಿದ್ದಕ್ಕೆ ಅಲ್ಲಿನ ನಿವಾಸಿಗಳು ಹೋರಾಡಿದ್ದು ಸರಿಯೇ. ಶಬ್ದ ಮಾಲಿನ್ಯದ ನಿಯಮ 2000ದಲ್ಲೇ ಬಂದಿದೆ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಪಬ್ಬಿಗೂ ಅದೇ, ಕಲ್ಯಾಣ ಮಂಟಪದ ಆರ್ಕೆಸ್ಟ್ರಾಗೂ ಅದೇ, ನಮ್ಮ ಬೀದಿ ಗಣೇಶನ ಮೈಕಿಗೂ ಅದೇ. ಅಳೆಯೋದಾದ್ರೆ ಎಲ್ಲರನ್ನೂ ಒಂದೇ ಸೇರಿನಲ್ಲಿ ಅಳೀರಿ. ಅದಕ್ಕೇ ಆಫೀಸು ಅಂಗಡಿಗಳ ರಸ್ತೆಯಲ್ಲಿ, ದಪ್ಪ ಗೋಡೆಯ ಕಟ್ಟಡದೊಳಗೆ ಇರೋ ಜಾಗವನ್ನೇ ಹುಡುಕಿ ಹೋಗಬೇಕು ಅನ್ನೋದು ನನ್ನ ಅಭಿಪ್ರಾಯ.

ನಿಜವಾದ ಕಷ್ಟ ಇರೋದು ವಾಪಸು ಬರೋದರಲ್ಲಿ. ಹೋಗೋವಾಗ ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಎಂಜಿ ರೋಡಿನಲ್ಲಿ ಇಳಿದು ನಡ್ಕೊಂಡು ಹೋದ್ವಿ, ಹೂ ಎತ್ತಿದ ಹಾಗೆ. ಬರೋವಾಗ? ಪಬ್ಬುಗಳು ಹಿಂದೆ ಹನ್ನೊಂದೂವರೆಗೆ ಮುಚ್ಚಬೇಕಿತ್ತು. 2014ರಿಂದ ಮೊದಲು ವಾರದ ಕೊನೆಗೆ, ಆಮೇಲೆ ಎಲ್ಲ ದಿನಕ್ಕೂ ರಾತ್ರಿ ಒಂದರವರೆಗೆ ಬಿಟ್ರು. ಮೆಟ್ರೋ ಮಾತ್ರ ಹನ್ನೊಂದರ ಆಸುಪಾಸಿಗೇ ಮಲಗುತ್ತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ಸು ಪುಕ್ಕಟೆ, ಸಂತೋಷ. ಆದ್ರೆ ಹತ್ತು ಗಂಟೆ ಮೇಲೆ ಗಾಂಧಿ ಬಜಾರಿಗೆ ಬಸ್ಸೇ ಅಪರೂಪ, ಟಿಕೆಟ್ ಪುಕ್ಕಟೆ ಆಗಿ ಏನು ಬಂತು? ಉಳಿದದ್ದು ಆಟೋ, ಕ್ಯಾಬು. ಅದಕ್ಕೆ ದುಡ್ಡಿದ್ದವಳಿಗೆ ರಾತ್ರಿ, ಇಲ್ಲದವಳಿಗೆ ಇಲ್ಲ. ನಮಗೆ ತಟ್ಟೆ ತಂದುಕೊಟ್ಟ ಹುಡುಗೀರೂ, ರಾತ್ರಿ ಪಾಳಿಯ ನರ್ಸುಗಳೂ, ಹೋಟೆಲ್ ಪಾತ್ರೆ ತೊಳೆಯೋರೂ ದಿನಾ ಅದೇ ಹೊತ್ತಿಗೆ ಮನೆಗೆ ಹೋಗಬೇಕು. ಒಂದು ಗಂಟೆವರೆಗೆ ವ್ಯಾಪಾರ ನಡೆಸಿ ತೆರಿಗೆ ತಗೊಳ್ಳೋ ಸರ್ಕಾರ ಒಂದೂವರೆವರೆಗೆ ನಾಲ್ಕು ಬಸ್ಸು ಓಡಿಸಬೇಕು, ಬೀದಿ ದೀಪ ಉರಿಸಬೇಕು, ಹೆಂಗಸರು ಕಾಲಿಡಬಹುದಾದ ಶೌಚಾಲಯ ಇಡಬೇಕು. ಮನೆಯವರ ಹತ್ತಿರ ಕೇಳೋದು ಎಷ್ಟಿದೆಯೋ ಊರಿನ ಹತ್ತಿರ ಕೇಳೋದೂ ಅಷ್ಟೇ ಇದೆ.

ಹೋಗಬೇಕು ಅನ್ನಿಸಿದವರಿಗೆ ನಾಲ್ಕು ಉಪಯೋಗದ ಮಾತು. ಮೂರು ಅಥವಾ ನಾಲ್ಕು ಜನ ಸೇರಿ ಹೋಗಿ. ಮೊದಲೇ ಫೋನ್ ಮಾಡಿ ಟೇಬಲ್ ಹಿಡಿಸಿ, ಸ್ಪೀಕರ್ ಪಕ್ಕ ಬೇಡ, ಒರಗೋ ಕುರ್ಚಿ ಬೇಕು ಅಂತ ಹೇಳಿ. ಎಂಟಕ್ಕೇ ಹೋಗಿ, ಹತ್ತರ ಮೇಲೆ ನುಗ್ಗಲು. ಹತ್ತಿ ಮರೀಬೇಡಿ. ಏಸಿ ಚಳಿಗೆ ಒಂದು ಶಾಲು ಇರಲಿ. ನಿಮ್ಮ ಲೋಟ ನಿಮ್ಮ ಕಣ್ಣೆದುರಿಗೇ ಇರಲಿ. ಹತ್ತೂಕಾಲಿಗೆ ಎದ್ರೆ ಮೆಟ್ರೋ ಸಿಗುತ್ತೆ, ಇನ್ನೂ ಕೂರೋದಾದ್ರೆ ಗೊತ್ತಿರೋ ಆಟೋದವರಿಗೆ ಮೊದಲೇ ಹೇಳಿಡಿ. ಮುಖ್ಯವಾಗಿ, ಆವತ್ತಿನ ಅಡಿಗೆಯನ್ನ ಮಧ್ಯಾಹ್ನವೇ ಮಾಡಿಡಬೇಡಿ. ಮಾಡಿಟ್ರೆ ನೀವು ಹೋದದ್ದೇ ಮನೆಗೆ ಗೊತ್ತಾಗಲ್ಲ.

ಎಲ್ಲರೂ ರಾಕ್ ಕ್ಲಬ್ಬಿಗೇ ಹೋಗಿ ಅಂತ ಹೇಳೋದಕ್ಕೆ ನನಗೇನೂ ಹುಚ್ಚಿಲ್ಲ. ನಿಮಗೆ ರವೀಂದ್ರ ಕಲಾಕ್ಷೇತ್ರದ ನಾಟಕ ಇಷ್ಟವಿರಬಹುದು, ಎರಡನೇ ಆಟದ ಸಿನಿಮಾ ಇಷ್ಟವಿರಬಹುದು, ವಿವಿ ಪುರಂ ತಿಂಡಿ ಬೀದಿಯಲ್ಲಿ ನಿಂತು ಹೋಳಿಗೆ ತಿನ್ನೋದಿರಬಹುದು. ತಿಂಗಳಿಗೆ ಒಂದು ರಾತ್ರಿ, ಯಾವ ದೇವರ, ಯಾವ ನೆಂಟರ, ಯಾವ ರೋಗಿಯ ಹೆಸರೂ ಹೇಳದೆ ಹೊರಡಿ. ಕಾರಣ ಕೇಳಿದ್ರೆ ಕಟ್ಟಿ ಹೇಳಬೇಡಿ. ನಾವು ಒಂದು ಸುಳ್ಳು ಕಾರಣ ಕೊಟ್ಟಾಗಲೆಲ್ಲ ನಾಳೆ ನಮ್ಮ ಸೊಸೆ, ಮಗಳು, ಮೊಮ್ಮಗಳು ಇನ್ನೊಂದು ಕಾರಣ ಹುಡುಕಬೇಕಾಗುತ್ತೆ. ಚಪ್ಪಲಿ ಹಾಕ್ಕೊಳ್ಳಿ, ಬಾಗಿಲಲ್ಲಿ ನಿಂತು ಎರಡೇ ಪದ ಹೇಳಿ. ಮೊದಲ ಸಲ ಗಂಟಲು ಕಟ್ಟುತ್ತೆ. ಎರಡನೇ ಸಲಕ್ಕೆ ಮನೆಯವರಿಗೂ ಅನ್ನಕ್ಕೆ ನೀರು ಎಷ್ಟು ಇಡಬೇಕು ಅಂತ ಗೊತ್ತಾಗಿರುತ್ತೆ.